ಇರ್ಲಿ ಅಂದ್ರೆ ಒಳಗಾ, ಹೊರಗಾ

ಲಟ್ಟಣಿಗೆ ನನ್ನ ಹಾಸ್ಟೆಲ್ ಬ್ಯಾಗಿನೊಳಗೆ ಹೋದದ್ದು ನನ್ನ ಬಾಯಿಯ ದೆಸೆಯಿಂದಲೇ. ಅತ್ತೆ ಅದನ್ನು ಕೈಯಲ್ಲಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು, "ಇದು ಬೇಕಾಗ್ತದಾ ನಿಂಗೆ ಅಲ್ಲಿ?" ಅಂತ ಕೇಳಿದರು. ನಾನು ಸೀರೆ ಮಡಿಸುತ್ತಿದ್ದವಳು ತಲೆ ಎತ್ತದೆ, "ಇರ್ಲಿ ಅತ್ತೆ" ಅಂದೆ. ಅದು ಅಲ್ಲೇ ಡಬ್ಬಿಗಳ ಹಿಂದೆ ಇರಲಿ, ಹಾಸ್ಟೆಲಿನಲ್ಲಿ ಕೂತು ಚಪಾತಿ ಲಟ್ಟಿಸೋಕೆ ನನಗೇನು ಹುಚ್ಚಾ ಅಂತ ನನ್ನ ಅರ್ಥ. ಅತ್ತೆ ತಿಳಿದುಕೊಂಡದ್ದು ಬ್ಯಾಗಿನಲ್ಲಿ ಇರಲಿ ಅಂತ. ಎರಡು ಸೀರೆಗಳ ನಡುವೆ ಅದನ್ನು ತೂರಿಸಿ, ಮಣೆಯನ್ನೂ ತರೋಕೆ ಒಳಗೆ ಹೋದರು.

ಹಾಸ್ಟೆಲಿಗೆ ಹೊರಟವಳು ಮಗಳಲ್ಲ, ನಾನೇ. ವಯಸ್ಸು ನಲವತ್ತು ದಾಟಿದೆ, ಹೊಸ್ತಿಲು ದಾಟುವಾಗ ಮೊಣಕಾಲು ಕಟಕ್ ಅನ್ನುತ್ತದೆ. ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಏರು ಹತ್ತಿದರೆ ನಮ್ಮ ಹಿಟ್ಟಿನ ಮಿಲ್ಲು, ಅದರ ಬೆನ್ನಿಗೇ ಮನೆ. ಮಿಲ್ಲು ನಡೆಸೋದು ಯಜಮಾನರು. ನಾನು ಊರಿನ ಒಂದು ಸಣ್ಣ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಯಾರೋ ಟೀಚರು ಬಾಣಂತನಕ್ಕೆ ಹೋದರು ಅಂತ ನಾಲ್ಕು ದಿನದ ಮಟ್ಟಿಗೆ ಕರೆದದ್ದು, ಆ ಟೀಚರು ವಾಪಸು ಬರಲೂ ಇಲ್ಲ, ನಾನು ಬಿಡಲೂ ಇಲ್ಲ. ಭಿನ್ನರಾಶಿ ಅಂದರೆ ಅಳುವ ಹುಡುಗಿಯೊಬ್ಬಳು ಒಂದು ದಿನ ಬೋರ್ಡಿನ ಹತ್ತಿರ ಬಂದು ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಲೆಕ್ಕ ಮಾಡಿ ತೋರಿಸಿದ್ದಳು. ಅವತ್ತು ಮನೆಗೆ ಬಂದು ಒಂದು ಲೋಟ ಕಾಫಿ ಜಾಸ್ತಿ ಕುಡಿದಿದ್ದೆ.

ಈಗ ಶಾಲೆಯವರು ಬಿ.ಎಡ್ ಇಲ್ಲದವರು ಪಾಠ ಮಾಡುವ ಹಾಗಿಲ್ಲ ಅಂದರು. ಹೆಡ್‌ಮಾಸ್ಟರು ಬಹಳ ಮರ್ಯಾದೆಯಿಂದಲೇ ಹೇಳಿದರು: "ಮೇಡಂ, ಇನ್ನು ಮೇಲೆ ಆಫೀಸಿನಲ್ಲಿ ಕೂತು ರಸೀದಿ ಬರೆದುಕೊಂಡಿರಿ. ಇಲ್ಲಾಂದ್ರೆ ಬಿ.ಎಡ್ ಮುಗಿಸ್ಕೊಂಡು ಬನ್ನಿ, ಕ್ಲಾಸು ನಿಮ್ದೇ." ರಸೀದಿ ಬರೆಯುವುದು ಕೀಳು ಕೆಲಸ ಅಂತಲ್ಲ. ಆದರೆ ಗೋಡೆಯಾಚೆ ಮಕ್ಕಳು ಮಗ್ಗಿ ಹೇಳುತ್ತಿರುವಾಗ ಈಚೆ ಕೂತು ರಸೀದಿ ಹರಿಯೋದು ನನ್ನಿಂದ ಆಗುವ ಮಾತಲ್ಲ. ಸಿಟ್ಟಿನಲ್ಲೇ ಅರ್ಜಿ ಹಾಕಿದೆ. ಶೃಂಗೇರಿ ಕಡೆ ಸಿಕ್ಕಿದ್ದರೆ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಿತ್ತು. ಸೀಟು ಸಿಕ್ಕಿದ್ದು ಶಿವಮೊಗ್ಗದಲ್ಲಿ, ಎರಡು ವರ್ಷ. ಹಾಸ್ಟೆಲೇ ಗತಿ.

ಯಜಮಾನರು ತಕರಾರು ಮಾಡಲಿಲ್ಲ. "ಹೋಗು ಮಾರಾಯ್ತಿ, ನೀನು ಮನೇಲಿ ಕೂತು ಮುಖ ಊದಿಸ್ಕೊಂಡಿರೋದಕ್ಕಿಂತ ಅದೇ ವಾಸಿ" ಅಂದರು. ಆಮೇಲೆ ದನಿ ತಗ್ಗಿಸಿ, "ಅಮ್ಮನ ಹತ್ರ ಮಾತ್ರ ನೀನೇ ಕೇಳು" ಅಂದರು. ಮಿಲ್ಲಿನ ಬೆಲ್ಟು ಕಿತ್ತು ಬಂದರೂ ಅಂಜದ ಮನುಷ್ಯ ತಾಯಿಯ ಹತ್ತಿರ ಒಂದು ಮಾತು ಕೇಳೋಕೆ ಬೆವರುತ್ತಾರೆ.

ಅತ್ತೆ ಹಿರೇಕೊಡಿಗೆ ಕಡೆಯವರು. ಜಗಳಗಂಟಿಯಲ್ಲ, ಹಾಗಂತ ಮೆತ್ತಗಿನ ಹೆಂಗಸೂ ಅಲ್ಲ. ನನ್ನ ಮದುವೆಯಾದಾಗಿನಿಂದ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತವರು. ನಾನು ಶಾಲೆಗೆ ಹೋಗುವ ಹೊತ್ತಿಗೆ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಮಿಲ್ಲಿನಲ್ಲಿ ಚೀಲ ತೂಗುತ್ತಿದ್ದರು. ಅವರನ್ನು ಬಿಟ್ಟು ಎರಡು ವರ್ಷ ಹೋಗುವುದಾದರೆ ಅವರ ಬಾಯಿಂದ ಒಂದು ಹೂಂ ಬರಬೇಕು ಅಂತ ನನಗಿತ್ತು. ಬರದಿದ್ದರೆ ಹೋಗಬಾರದು ಅಂತಲೂ ಇತ್ತು. ಯಾರೂ ಹಾಕಿದ ಕಟ್ಟಳೆಯಲ್ಲ, ನನ್ನದೇ.

ಅತ್ತೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಎದುರಿಗೆ ಕೂತು ಎಲ್ಲ ಹೇಳಿ, ಕೊನೆಗೆ, "ಹೋಗ್ಲಾ ಅತ್ತೆ?" ಅಂತ ಕೇಳಿದೆ. ಅವರು ಒಂದು ಕಲ್ಲು ತೆಗೆದು ಅಂಗಳಕ್ಕೆ ಎಸೆದರು.

"ಇರ್ಲಿ" ಅಂದರು.

ಅಷ್ಟೇ. ಮತ್ತೆ ಅಕ್ಕಿಯಲ್ಲಿ ಕೈ.

ಕನ್ನಡದಲ್ಲಿ ಇಂಥ ಇನ್ನೊಂದು ಪದ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನೆಂಟರ ಮನೆಯಲ್ಲಿ ಇನ್ನೆರಡು ಕಡುಬು ಹಾಕಲು ಬಂದರೆ ಎಲೆಗೆ ಕೈ ಅಡ್ಡ ಹಿಡಿದು ಇರ್ಲಿ ಇರ್ಲಿ ಅಂದರೆ ಬೇಡ ಅಂತ. ಅಂಗಡಿಯವ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದಾಗ ಇರ್ಲಿ ಅಂದರೆ ಹಾಕು ಅಂತ. ಜಗಳ ಮುಗಿಸೋಕೂ ಇರ್ಲಿ, ಮುಂದೆ ನೋಡಿಕೊಳ್ಳುತ್ತೇನೆ ಅಂತ ಹೆದರಿಸೋಕೂ ಇರ್ಲಿ. ಹೋಗ್ಲಾ ಅಂತ ಕೇಳಿದ ಸೊಸೆಗೆ ಇರ್ಲಿ ಅಂದರೆ, ಆಗಲಿ ಹೋಗು ಅಂತಲೋ, ಇರಲಿ ಬಿಡು ಆ ಮಾತು ಅಂತಲೋ? ಬಿಡಿಸಿ ಕೇಳೋಣ ಅಂದರೆ ಧೈರ್ಯ ಸಾಲಲಿಲ್ಲ. ಬೇಡ ಅಂತಲೇ ಇದ್ದರೆ? ಸಂಜೆ ಯಜಮಾನರ ಹತ್ತಿರ ಕೇಳಿದೆ. ಅವರು ತಲೆಗೂದಲಿನ ಹಿಟ್ಟು ಕೊಡವಿಕೊಳ್ಳುತ್ತಾ, "ಇರ್ಲಿ ಅಂದ್ರೆ ಇರ್ಲಿ. ಅದ್ರಲ್ಲಿ ಎಂತ ಅರ್ಥ ಮಾಡ್ಕೊಳ್ಳೋದು?" ಅಂದರು. ಇವರ ಹತ್ತಿರ ಕೇಳಿದ ನನಗೆ ಬುದ್ಧಿಯಿಲ್ಲ.

ಫೀಸು ಕಟ್ಟಿಯಾಯಿತು. ಸೋಮವಾರದೊಳಗೆ ಬಂದು ಸೇರಬೇಕು, ಇಲ್ಲವಾದರೆ ಸೀಟು ಮುಂದಿನವರಿಗೆ ಅಂತ ಕಾಲೇಜಿನಿಂದ ಮೆಸೇಜೂ ಬಂತು. ಅತ್ತೆ ಮಾತ್ರ ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಬದಲಿಗೆ ಬ್ಯಾಗು ತುಂಬಿಸೋಕೆ ಶುರುಮಾಡಿದರು.

ಮೊದಲು ಬಂದದ್ದು ಹಲಸಿನ ಹಪ್ಪಳದ ಕಟ್ಟು. ಆಮೇಲೆ ಹಿತ್ತಾಳೆ ಚೊಂಬು, ಕಷಾಯದ ಪುಡಿ, ಸುಲಿದ ತೆಂಗಿನಕಾಯಿ. ಪ್ರತಿಯೊಂದನ್ನೂ ತೋರಿಸಿ ಕೇಳುತ್ತಿದ್ದರು, ನಾನು ಪ್ರತಿಸಲವೂ ಅಭ್ಯಾಸಬಲದಿಂದ "ಇರ್ಲಿ ಅತ್ತೆ" ಅನ್ನುತ್ತಿದ್ದೆ, ಅದು ಬ್ಯಾಗಿಗೆ ಹೋಗುತ್ತಿತ್ತು. ಹಾಗೇ ಲಟ್ಟಣಿಗೆಯೂ ಹೋಯಿತು. ಅದಕ್ಕೆ ಜೊತೆಯಾಗಲಿ ಅಂತ ಯಜಮಾನರು ಅಕ್ಕಿಹಿಟ್ಟು, ರಾಗಿಹಿಟ್ಟು, ಗೋಧಿಹಿಟ್ಟಿನ ಪೊಟ್ಟಣ ಕಟ್ಟಿ ತಂದರು. "ಮಿಲ್ಲಿನವನ ಹೆಂಡ್ತಿ ಹಿಟ್ಟಿಲ್ದೆ ಹೋದ್ಲು ಅಂತ ಆಗೋದು ಬೇಡ" ಅಂದರು. ಎಂಥ ಹಾಸ್ಟೆಲು, ಯಾವ ಒಲೆ, ಯಾರು ಬೇಯಿಸೋದು ಅಂತ ಒಬ್ಬರೂ ಕೇಳಲಿಲ್ಲ.

ನನಗೆ ನಗು ಬರುತ್ತಿತ್ತು, ಜೊತೆಗೆ ಒಂದು ಅನುಮಾನವೂ. ಅತ್ತೆ ಇಷ್ಟೆಲ್ಲ ತುಂಬಿಸುತ್ತಿರುವುದು ಕಳಿಸಿಕೊಡುವ ಸಡಗರಕ್ಕಾ, ಅಥವಾ ಬ್ಯಾಗು ಎತ್ತಲಾರದೆ ಇವಳು ಇಲ್ಲೇ ಕೂರಲಿ ಅಂತಲಾ? ಅಂಥ ಕುತಂತ್ರ ಅವರದ್ದಲ್ಲ. ಆದರೂ ಮನಸ್ಸು ಕೇಳಬೇಕಲ್ಲ.

ಶನಿವಾರ ಮಧ್ಯಾಹ್ನ ಮಂಗಳೂರಿನಿಂದ ಮಗಳು ಬಂದಳು. ಅವಳು ಅಲ್ಲಿ ಡಿಗ್ರಿ ಓದುತ್ತಾಳೆ, ಹಾಸ್ಟೆಲಿನಲ್ಲಿ ಇದ್ದು ಪಳಗಿದವಳು. ಅವಳು ಹೊರಟಾಗ ಬ್ಯಾಗು ತುಂಬಿಸಿದ್ದು ನಾನು. ಆ ಸೆಖೆಯ ಊರಿಗೆ ಎರಡು ಸ್ವೆಟರು, ಒಂದು ಕಂಬಳಿ, ಉಣ್ಣೆಯ ಕಾಲುಚೀಲ ಕಟ್ಟಿ ಕಳಿಸಿದ್ದೆ. ಮೊದಲ ರಜೆಗೆ ಬರುವಾಗ ಎಲ್ಲವನ್ನೂ ಹಾಗೇ ವಾಪಸು ಹೊತ್ತು ತಂದು, "ತಗೋ, ಮಂಗಳೂರು ನೋಡ್ಕೊಂಡು ಬಂತು" ಅಂತ ನನ್ನ ಮುಂದೆ ಇಟ್ಟಿದ್ದಳು. ಈಗ ನನ್ನ ಬ್ಯಾಗಿನ ಗಾತ್ರ ನೋಡಿ ಅವಳ ಮುಖ ಅರಳಿದ ರೀತಿ ಕಂಡೇ ನನಗೆ ಗೊತ್ತಾಯಿತು, ನನಗಿನ್ನು ಗ್ರಹಚಾರ ಅಂತ.

ಭಾನುವಾರ ಊಟವಾದ ಮೇಲೆ ಜಗಲಿಯಲ್ಲಿ ಚಾಪೆ ಹಾಸಿ ಬ್ಯಾಗನ್ನು ಅದರ ಮೇಲೆ ಕವುಚಿದಳು. ಅತ್ತೆ ಗೋಡೆಗೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತರು. ಯಜಮಾನರು ಬಾಗಿಲಲ್ಲಿ ನಿಂತು ತಮಾಷೆ ನೋಡುತ್ತಿದ್ದರು.

"ಹಪ್ಪಳ" ಅಂತ ಮಗಳು ಕಟ್ಟು ಎತ್ತಿ ಹಿಡಿದಳು. "ಅಲ್ಲಿ ಕೆಂಡ ಇಲ್ಲ, ಎಣ್ಣೆ ಬಾಣಲೆ ಇಲ್ಲ. ಹಸೀದೇ ತಿಂತೀಯಾ ಅಮ್ಮ?"

"ಇರ್ಲಿ" ಅಂದೆ.

"ಇರ್ಲಿ" ಅಂದರು ಅತ್ತೆಯೂ.

ಮಗಳು ನಮ್ಮಿಬ್ಬರ ಮುಖವನ್ನೂ ನೋಡಿದಳು. ಅವಳಿಗೆ ರೋಗದ ಮೂಲ ಅಲ್ಲೇ ಸಿಕ್ಕಿತು. "ಇವತ್ತು ಈ ಮನೇಲಿ ಯಾರೂ ಇರ್ಲಿ ಅನ್ನೋ ಹಾಗಿಲ್ಲ. ಒಳಗೆ ಅನ್ಬೇಕು, ಇಲ್ಲಾ ಹೊರಗೆ ಅನ್ಬೇಕು. ಒಳಗೆ ಅಂದ್ರೆ ಬ್ಯಾಗಿಗೆ, ಹೊರಗೆ ಅಂದ್ರೆ ಇಲ್ಲೇ ಬಿಟ್ಟು ಹೋಗೋದು. ಮೂರನೇದು ಇಲ್ಲ."

"ನಾಲಿಗೆ ಮೇಲೆ ಬರ್ತದಲ್ಲ ಪುಟ್ಟಿ" ಅಂದರು ಅತ್ತೆ.

"ಬಂದ್ರೆ ನುಂಗಿ ಅಜ್ಜಿ."

ಅಲ್ಲಿಂದ ಆಟ ಶುರುವಾಯಿತು. ಹೀಗೆ ಬಿಡಿಸಿ ಹೇಳುವುದು ಎಷ್ಟು ಕಷ್ಟ ಅಂತ ಅವತ್ತೇ ತಿಳಿದದ್ದು. ಇರ್ಲಿ ಅನ್ನುವಾಗ ಯಾರಿಗೂ ನೋವಿಲ್ಲ. ಹೊರಗೆ ಅಂದರೆ ಕೊಟ್ಟವರ ಮುಖ ನೋಡಬೇಕು. ಹಪ್ಪಳ ಹೊರಗೆ ಅನ್ನುವಾಗ ನಾನು ಚಾಪೆಯ ಅಂಚಿನ ದಾರ ಎಳೆಯುತ್ತಾ ಕೂತೆ. ಅತ್ತೆ ಬಾಯಲ್ಲಿ ಎಲೆಯಡಿಕೆ ಇದ್ದದ್ದಕ್ಕೆ ಬಚಾವು. ಲಟ್ಟಣಿಗೆ ಹೊರಗೆ, ಮಣೆ ಹೊರಗೆ. ಮೂರು ನಮೂನೆ ಹಿಟ್ಟು ಹೊರಗೆ ಅಂದಾಗ ಯಜಮಾನರು, "ರಾಗಿ ಒಂದಾದ್ರೂ" ಅಂತ ಬಾಯಿ ತೆಗೆದರು. ಮಗಳು ತಿರುಗಿ ನೋಡಿದ್ದೇ ತಡ, "ಹೊರಗೆ, ಹೊರಗೆ" ಅಂತ ತಾವೇ ಪೊಟ್ಟಣ ಎತ್ತಿಕೊಂಡು ಹೋದರು.

ಕಷಾಯದ ಪುಡಿಗೆ ಅತ್ತೆ ಪಟ್ಟು ಹಿಡಿದರು. ಬಿಸಿನೀರು ಅಲ್ಲೂ ಸಿಗುತ್ತದೆ ತಾನೇ, ಒಳಗೆ ಅಂತ ವಾದ ಮಾಡಿ ಗೆದ್ದರು. ಚೊಂಬನ್ನು ಮಾತ್ರ ಅವರೇ ಬೇಡ ಅಂದರು. "ಅದು ಹೊರಗೆ. ಹುಳಿ ಹಾಕಿ ತಿಕ್ಕೋರು ಯಾರು ಅಲ್ಲಿ? ಇವಳಂತೂ ತಿಕ್ಕೋದಿಲ್ಲ, ಇಲ್ಲೇ ತಿಕ್ಕೋದಿಲ್ಲ." ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅಂತ ಆಯಿತು.

ಆಮೇಲೆ ನಾನೇ ತುಂಬಿಸಿಕೊಂಡ ಸಾಮಾನಿನ ಸರದಿ. ಅದರಲ್ಲಿ ನನ್ನ ಮಾನ ಪೂರಾ ಹೋಯಿತು. ರೇಷ್ಮೆ ಸೀರೆ ಹೊರಬಂತು.

"ಇದೆಂತಕ್ಕೆ? ಶಿವಮೊಗ್ಗದಲ್ಲಿ ಯಾರ ಮದುವೆ?"

"ಯಾರಾದ್ರೂ ಕರೆದ್ರೆ?"

"ಕ್ಲಾಸಿನಲ್ಲಿ ನಿನ್ನ ಪಕ್ಕ ಕೂರೋರೆಲ್ಲ ನನ್ನ ವಯಸ್ಸಿನೋರು ಅಮ್ಮ. ಅವ್ರಿಗೆ ಈಗ್ಲೇ ಎಂತ ಮದುವೆ? ಹೊರಗೆ."

ಅತ್ತೆಗೆ ಕೆಮ್ಮು ಬಂತು. ನಗು ತಡೆಯೋಕೆ ಹೋಗಿ ಬಂದ ಕೆಮ್ಮು.

ಬ್ಯಾಗಿನ ತಳದಲ್ಲಿ ಒಂದು ಪ್ಲಾಸ್ಟಿಕ್ ಕವರು ಇತ್ತು. ಅದನ್ನು ತೆಗೆಯಬೇಡ ಅಂತ ನಾನು ಕೈ ಚಾಚುವಷ್ಟರಲ್ಲಿ ಮಗಳು ಬಿಚ್ಚಿಯಾಗಿತ್ತು. ಗ್ಯಾಸಿನ ಪುಸ್ತಕ, ಮಿಲ್ಲಿನ ಇನ್ನೊಂದು ಬೀಗದಕೈ, ಅತ್ತೆಯ ಬಿ.ಪಿ. ಮಾತ್ರೆಯ ಒಂದು ಶೀಟು.

ಮಗಳು ಅವನ್ನು ಒಂದೊಂದಾಗಿ ಚಾಪೆಯ ಮೇಲೆ ಜೋಡಿಸಿದಳು. "ಅಮ್ಮ, ನೀನು ಹೋಗ್ತಿರೋದು ಓದೋಕಾ, ಇಲ್ಲಾ ಶಿವಮೊಗ್ಗದಲ್ಲಿ ಕೂತು ಕೊಪ್ಪದ ಮನೆ ನಡೆಸೋಕಾ?"

ಹೇಳೋಕೆ ನಾಚಿಕೆಯಾಯಿತು, ಆದರೂ ಹೇಳಿದೆ. ಗ್ಯಾಸು ಮುಗಿದರೆ ಬುಕ್ ಮಾಡೋದು ಇವರಿಗೆ ಗೊತ್ತಾಗೋದಿಲ್ಲ, ನಂಬರು ನನ್ನ ಹತ್ತಿರ ಇದ್ದರೆ ಅಲ್ಲಿಂದಲೇ ಮಾಡಬಹುದು. ಬೀಗದಕೈಯನ್ನು ಇವರು ವಾರಕ್ಕೊಮ್ಮೆ ಕಳೆಯುತ್ತಾರೆ. ಮಾತ್ರೆಯ ಶೀಟು ಯಾಕೆಂದರೆ, ಅಂಗಡಿಯವರು ಬೇರೆ ಕಂಪನಿದು ಕೊಟ್ಟರೆ ಅತ್ತೆಗೆ ತಿಳಿಯೋದಿಲ್ಲ, ಫೋನಿನಲ್ಲಿ ನಾನು ಹೆಸರು ಓದಿ ಹೇಳಬೇಕು.

"ಒಳಗಾ ಹೊರಗಾ?" ಅಂದಳು ಮಗಳು.

"ಒಳಗೆ" ಅಂದೆ.

"ಹೊರಗೆ" ಅಂದರು ಅತ್ತೆ. ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದರು. "ನನ್ ಮಾತ್ರೆ ನನ್ ಹತ್ರ ಇರ್ಬೇಕಾ, ಶಿವಮೊಗ್ಗದಲ್ಲಿ ಇರ್ಬೇಕಾ? ನಂಗೆ ಅಕ್ಷರ ಬರೋದಿಲ್ವಾ? ನೀನು ಬರೋಕೆ ಮುಂಚೆ ಈ ಮನೆ ನಡೀತಿರ್ಲಿಲ್ವಾ?"

ಆ ಮಾತು ನನಗೆ ಚುರುಕ್ ಅಂತ ತಾಗಿತು. ನಾನಿಲ್ಲದೆ ಇವರ ಕೈಕಾಲು ಆಡೋದಿಲ್ಲ ಅಂತ ನಾನು ತಿಳಿದುಕೊಂಡಿದ್ದು, ಅವರು ನೋಡಿದರೆ ಹೀಗೆ. ಅಳು ಬರುವ ಹಾಗಾಯಿತು, ಅದೂ ಮಗಳ ಎದುರಿಗೆ. ಸುಮ್ಮನೆ ಮಾತ್ರೆಯ ಶೀಟನ್ನು ಅತ್ತೆಯ ಕೈಗೆ ಕೊಟ್ಟೆ.

ಮಗಳಿಗೆ ನನ್ನ ಮನಸ್ಸಿನಲ್ಲಿ ಇದ್ದದ್ದು ಗೊತ್ತಿತ್ತು. ನಾನೇ ಫೋನಿನಲ್ಲಿ ಹತ್ತು ಸಲ ಹೇಳಿ ಅವಳ ತಲೆ ತಿಂದಿದ್ದೆ, ಅಜ್ಜಿ ಹೌದು ಅಂದರೋ ಬೇಡ ಅಂದರೋ ತಿಳಿಯದು ಅಂತ. ಅವಳು ನನ್ನ ಭುಜದ ಮೇಲೆ ಕೈ ಇಟ್ಟು, ಸಾಮಾನು ತೋರಿಸಿದ ದನಿಯಲ್ಲೇ ಕೇಳಿದಳು:

"ಕೊನೇದು ಒಂದು ಉಳೀತು ಅಜ್ಜಿ. ಇದು? ಒಳಗಾ ಹೊರಗಾ?"

ಬಾಗಿಲಲ್ಲಿದ್ದ ಯಜಮಾನರು ಮಿಲ್ಲಿನ ಕಡೆ ನಡೆದೇಬಿಟ್ಟರು. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ತುಟಿ ಇರ್ಲಿ ಅನ್ನೋಕೆ ಹೊರಟದ್ದು ನನಗೆ ಸ್ಪಷ್ಟವಾಗಿ ಕಂಡಿತು. ನುಂಗಿದರು.

"ಹೊರಗೆ" ಅಂದರು.

ಹೊರಗೆ ಅಂದರೆ ಬ್ಯಾಗಿನಿಂದ ಹೊರಗೆ, ಇಲ್ಲೇ ಬಿಟ್ಟು ಹೋಗುವ ಸಾಮಾನು. ಮಗಳು ಮಾಡಿದ ಕಾನೂನೇ ಅದು. ಆಯಿತಲ್ಲ, ಕೇಳಿಯಾಯಿತು, ರಸೀದಿ ಬರೆದುಕೊಂಡಿದ್ದರಾಯಿತು ಅಂತ ಅಂದುಕೊಂಡು ಚಾಪೆಯ ಮೇಲಿನ ಸೀರೆ ಎತ್ತಿಕೊಳ್ಳೋಕೆ ಬಗ್ಗಿದೆ.

"ಯಾವ ಹೊರಗೆ ಅಜ್ಜಿ?" ಅಂದಳು ಮಗಳು. ಅವಳ ದನಿಯೂ ಸಣ್ಣದಾಗಿತ್ತು. "ಬ್ಯಾಗಿಂದ ಹೊರಗಾ, ಮನೆಯಿಂದ ಹೊರಗಾ?"

"ಮನೆಯಿಂದ, ಮತ್ತೆಂತ?" ಅತ್ತೆಗೆ ರೇಗಿತು. "ಓದೋಕೆ ಹೊರಟವಳು ಮನೆಯೊಳಗೆ ಕೂತು ಓದ್ತಾಳಾ? ಎಂತ ಆಟ ಅಂತ ಆಡಿಸ್ತೀಯ ಪುಟ್ಟಿ, ಮನುಷ್ಯರ ಹತ್ರ ಹಿಂಗೆಲ್ಲ ಕೇಳ್ತಾರಾ?"

ನಾನು ಸೀರೆ ಹಿಡಿದುಕೊಂಡೇ ಕೇಳಿದೆ. ಇಷ್ಟು ದಿನ ಕೇಳದೆ ಇಟ್ಟುಕೊಂಡಿದ್ದ ಮಾತು ಆ ಹೊತ್ತಿಗೆ ಹೇಗೋ ಹೊರಗೆ ಬಂತು. "ಹಾಗಾದ್ರೆ ಅವತ್ತು ಇರ್ಲಿ ಅಂದ್ರಲ್ಲ ಅತ್ತೆ, ಅಕ್ಕಿ ಆರಿಸುವಾಗ. ಅದು ಹೋಗು ಅಂತಲೇ ಆಗಿತ್ತಾ?"

ಅತ್ತೆ ಮಾತ್ರೆಯ ಶೀಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಲ್ಲ" ಅಂದರು. "ನೀನು ಇಲ್ಲೇ ಇರ್ಲಿ ಅಂತ ಅಂದದ್ದು."

ಇರ್ಲಿಗೆ ಇದ್ದ ಅರ್ಥವನ್ನೆಲ್ಲ ತಡಕಾಡಿದ್ದೆ, ಎದುರಿಗೇ ಇದ್ದ ಇದೊಂದು ಹೊಳೆದಿರಲಿಲ್ಲ.

"ನೀನಿಲ್ದೆ ನಂಗಾಗೋದಿಲ್ಲ ಮಾರಾಯ್ತಿ" ಅಂದರು ಅತ್ತೆ. ಅಳುತ್ತಿರಲಿಲ್ಲ, ಬೈಯುವ ದನಿಯೇ. "ಆ ಅಡುಗೆಮನೇಲಿ ಒಬ್ಳೇ ನಿಂತು ಯಾರ ಹತ್ರ ಮಾತಾಡ್ಲಿ? ಇವನು ಮಿಲ್ಲಿನ ಸದ್ದಲ್ಲಿ ಕಿವಿ ಕಳ್ಕೊಂಡಿದಾನೆ. ಬೇಡ ಅಂತ ಬಾಯಿಬಿಟ್ಟು ಹೇಳಿದ್ರೆ ನೀನು ಹೋಗೋದಿಲ್ಲ ಅಂತ ನಂಗೊತ್ತಿತ್ತು. ಅದ್ಕೇ ಹೇಳ್ಲಿಲ್ಲ. ಹೋಗು ಅನ್ನೋಕೆ ನಾಲಿಗೆ ಏಳ್ಲಿಲ್ಲ. ಮತ್ತೆಂತ ಹೇಳೋದು? ಇರ್ಲಿ ಅಂದೆ."

"ಅತ್ತೆ, ಹಾಗಾದ್ರೆ ನಾನು..."

"ಸುಮ್ನಿರು. ಈಗ ಹೇಳಿಯಾಯ್ತಲ್ಲ, ಹೊರಗೆ ಅಂತ. ಮತ್ತೆ ಮತ್ತೆ ಹೇಳಿಸ್ಬೇಡ, ಕಷ್ಟ ಆಗ್ತದೆ." ಆಮೇಲೆ ಮಗಳ ಕಡೆ ತಿರುಗಿ, "ಆ ಬ್ಯಾಗಿನ ಜಿಪ್ಪು ಹಾಕು ಪುಟ್ಟಿ, ಇವಳು ಮತ್ತೆ ಎಂತಾದ್ರೂ ತುರುಕ್ತಾಳೆ" ಅಂದರು.

ಅವತ್ತು ಸಂಜೆ ನಾವಿಬ್ಬರೂ ಎಂದಿನಂತೆ ಅಡುಗೆಮನೆಯಲ್ಲಿ ನಿಂತು ರೊಟ್ಟಿ ಮಾಡಿದೆವು. ನಾನು ತಟ್ಟಿಕೊಟ್ಟೆ, ಅವರು ಕಾವಲಿಯ ಮೇಲೆ ಬೇಯಿಸಿದರು. ಆ ವಿಷಯ ಇಬ್ಬರೂ ಎತ್ತಲಿಲ್ಲ. ನನಗೆ ಆದ ಖುಷಿಯನ್ನು ಹೇಗೆ ಹೇಳಲಿ? ಹೋಗು ಅಂದದ್ದಕ್ಕೆ ಅಷ್ಟಲ್ಲ. ಇಷ್ಟು ವರ್ಷ ಈ ಮನೆಯಲ್ಲಿ ಕೆಲಸಕ್ಕೆ ಬೇಕಾದವಳು ಅಂತ ಅಂದುಕೊಂಡಿದ್ದೆ, ಮಾತಿಗೆ ಬೇಕಾದವಳು ಅಂತ ಗೊತ್ತೇ ಇರಲಿಲ್ಲ. ಅವರನ್ನು ಒಬ್ಬರೇ ಬಿಟ್ಟು ಹೋಗಬೇಕಲ್ಲ ಅಂತ ಸಂಕಟವೂ ಆಯಿತು. ಎರಡೂ ಒಟ್ಟಿಗೆ ಆಗುತ್ತದೆ ಅಂತ ಅವತ್ತು ತಿಳಿಯಿತು.

ಸೋಮವಾರ ಬೆಳಿಗ್ಗೆ ಎಲ್ಲರೂ ಬಸ್‌ಸ್ಟ್ಯಾಂಡಿಗೆ ಬಂದರು. ನಾನು ಓದೋಕೆ ಹೋಗುವ ಸಂಗತಿಯನ್ನು ಊರಲ್ಲಿ ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಕೇಳಿದವರಿಗೆಲ್ಲ ಏನೋ ಟ್ರೇನಿಂಗು ಅಂತ ಜಾರಿಸಿಕೊಂಡಿದ್ದೆ. ಈ ವಯಸ್ಸಿನಲ್ಲಿ ಹಾಸ್ಟೆಲು ಅಂದರೆ ಜನ ನಗುತ್ತಾರೆ ಅಂತ ಅಂಜಿಕೆ. ಶಿವಮೊಗ್ಗದ ಬಸ್ಸು ಬಂದು ನಿಂತಿತು. ಮಗಳು ನನ್ನ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು, ಹಾಸ್ಟೆಲಿಗೆ ಅಂತ ಕೊಂಡ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿದಳು. ಕಂಡಕ್ಟರು ಅವಳನ್ನೂ ಬಕೆಟ್ಟನ್ನೂ ನೋಡಿ, "ಹಾಸ್ಟೆಲಿಗಾ ತಂಗಿ? ಹಿಂದೆ ಹೋಗು, ಸೀಟುಂಟು" ಅಂದ.

"ಅವಳಲ್ಲ ಮಾರಾಯ" ಅಂದರು ಕೆಳಗೆ ನಿಂತಿದ್ದ ಅತ್ತೆ.

ಅವರ ದನಿ ದೊಡ್ಡದು. ಮಿಲ್ಲಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸ. ಬಸ್ಸಿನೊಳಗೆ ಕೂತವರೆಲ್ಲ ಕಿಟಕಿಗೆ ಬಗ್ಗಿದರು, ಎದುರಿನ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದವರೂ ತಿರುಗಿದರು.

"ಇವಳು" ಅಂತ ನನ್ನ ಬೆನ್ನಿಗೆ ಕೈ ಹಾಕಿ ಮುಂದೆ ದೂಡಿದರು. "ನನ್ ಸೊಸೆ. ಟೀಚರ್ ಓದೋಕೆ ಹೋಗ್ತಿದಾಳೆ, ಎರಡು ವರ್ಷ. ಮೊಣಕಾಲು ನೋವುಂಟು, ಮುಂದೆ ಸೀಟು ಕೊಡು."

ಕಂಡಕ್ಟರು ಮುಂದಿನ ಸೀಟಿನಲ್ಲಿದ್ದ ಹುಡುಗನನ್ನು ಎಬ್ಬಿಸಿದ. ನಾನು ಕೂತೆ, ಮಗಳು ಬ್ಯಾಗು ನನ್ನ ಕಾಲ ಹತ್ತಿರ ಇಟ್ಟು ಇಳಿದಳು. ಕಿಟಕಿಯಿಂದ ನೋಡಿದರೆ ಅತ್ತೆ ಅಲ್ಲೇ ನಿಂತು, ಯಾರೂ ಕೇಳದಿದ್ದರೂ, ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸಿಗೆ ಅದನ್ನೇ ಮತ್ತೊಮ್ಮೆ ಹೇಳುತ್ತಿದ್ದರು.